ಹತ್ತನೇ ಕಲ್ಲು

ಫ್ಲೆಮ್ಮಿಂಗ್‌ನ ಜಾಲತಾಣದ ಖಾತೆಗೆ ಮೂರನೇ ಸಲ ಬೀಗ ಬಿದ್ದದ್ದು ಏಪ್ರಿಲ್ ತಿಂಗಳ ಕೊನೆಯ ಮಂಗಳವಾರ, ಸಂಜೆ ಆರಕ್ಕೆ, ಹೆಂಡತಿ ಡೋರ್ತೆ ಬೆಂದ ಆಲೂಗಡ್ಡೆ ಬಸಿದು ಮೇಜಿಗೆ ತರುವ ಹೊತ್ತಿಗೆ ಸರಿಯಾಗಿ.

"ನೋಡಿದ್ರಾ ಇವರ ದಬ್ಬಾಳಿಕೆ!" ಎಂದು ಅವನು ಫೋನನ್ನು ಗ್ರೇವಿಯ ಪಾತ್ರೆ ಪಕ್ಕ ಕುಕ್ಕಿದ. "ಏಳು ದಿನ ಬಾಯಿ ಮುಚ್ಕೊಂಡಿರು ಅಂತಾರೆ. ಏಳು ದಿನ!"

"ಎಷ್ಟು ಗುಂಪಿಗೆ ಹಾಕಿದೆ ಅಪ್ಪ?" ಮಗಳು ಟಿಲ್ಡೆ ಮಾಂಸದುಂಡೆಯನ್ನು ಎರಡಾಗಿ ಕತ್ತರಿಸುತ್ತ ಕೇಳಿದಳು.

"ನಲವತ್ತು."

"ಒಂದೇ ಪತ್ರ, ನಲವತ್ತು ಕಡೆ. ನಾಯಿ ಸಾಕೋರ ಗುಂಪಿಗೂ ಹಾಕಿದೀಯ. ಬೇಕರಿಗೆ ಬಂದೋರೆಲ್ಲ ನನ್ನೇ ಕೇಳ್ತಾರೆ, ನಿಮ್ಮಪ್ಪ ಹುಷಾರಾಗಿದಾರಾ ಅಂತ."

"ಯಾಕೆ, ನಾಯಿ ಸಾಕೋರಿಗೆ ಓಟಿಲ್ವಾ?"

"ನಾಯಿಗಳನ್ನೂ ಸೇರಿಸ್ಕೊಂಬಿಡು," ಎಂದಳು ಅಜ್ಜಿ ಗುಡ್ರುನ್. ಆಕೆ ಫ್ಲೆಮ್ಮಿಂಗ್‌ನ ತಾಯಿ; ಎಂಬತ್ತನಾಲ್ಕು ವರ್ಷ, ಹಿತ್ತಲ ಸಣ್ಣ ಮನೆಯಲ್ಲಿ ವಾಸ, ರಾತ್ರಿಯೂಟಕ್ಕೆ ಮಾತ್ರ ಇಲ್ಲಿ ಹಾಜರು. "ಹತ್ತು ಬೇಗ ಆಗತ್ತೆ."

"ನಗ್ರಿ, ನಗ್ರಿ. ಒಂಬತ್ತು ಆಗಿದೆ. ಇನ್ನು ಒಂದೇ ಒಂದು ಬೇಕು."

"ಹೇಳೋದು 'ಈ ತಾಣ ಬಿಟ್ಟು ಬನ್ನಿ' ಅಂತ," ಎಂದಳು ಟಿಲ್ಡೆ. "ಹೇಳೋದು ಇದೇ ತಾಣದಲ್ಲಿ ಕೂತ್ಕೊಂಡು. ಅವರಾದ್ರೂ ಎಷ್ಟು ದಿನ ಸಹಿಸ್ಕೋತಾರೆ?"

"ಇನ್ನೆಲ್ಲಿ ಹೇಳ್ಲಿ? ಜನ ಇರೋದೇ ಅಲ್ಲಿ. ಬಯಲಲ್ಲಿ ನಿಂತು ಹಸುಗಳಿಗೆ ಹೇಳ್ಲಾ?"

ಅವನ ಮಾತೂ ಸುಳ್ಳಲ್ಲ. ಲೆಮ್ವಿ ಪಟ್ಟಣದಿಂದ ಹನ್ನೊಂದು ಕಿಲೋಮೀಟರ್ ದೂರದ ವೆಸ್ಟರ್‌ಬೋ ಊರಿನಲ್ಲಿ ಜನ ಬೀದಿಯಲ್ಲಿ ಸಿಕ್ಕರೆ ಹವೆಯ ಮಾತಾಡಿ ಮುಂದೆ ಹೋಗುತ್ತಾರೆ. ಜಗಳ, ನೆಂಟಸ್ತಿಕೆ, ಹಳೇ ಸೋಫಾ ಮಾರಾಟ, ಕಳೆದುಹೋದ ಬೆಕ್ಕು ಎಲ್ಲವೂ ಆ ದೊಡ್ಡ ಜಾಲತಾಣದಲ್ಲೇ. ಫ್ಲೆಮ್ಮಿಂಗ್ ಈಗ ಅಲ್ಲಿಂದ ಅವರನ್ನು ಎಬ್ಬಿಸಿಕೊಂಡು ಹೋಗಲು ಹೊರಟಿದ್ದ. ಎಲ್ಲಿಗೆ ಅಂದರೆ, 'ಸ್ಟೆವ್ನೆ' ಎಂಬ ಹೊಸ ತಾಣಕ್ಕೆ. ಹಿಂದಿನವರು ಊರ ನಡುವೆ ದುಂಡಗೆ ಕಲ್ಲು ಹಾಕಿಕೊಂಡು, ಮನೆಗೊಬ್ಬರು ಒಂದೊಂದು ಕಲ್ಲಿನ ಮೇಲೆ ಕೂತು ಊರ ವಿಚಾರ ತೀರ್ಮಾನಿಸುತ್ತಿದ್ದ ಜಾಗದ ಹೆಸರು ಅದು. ನಮ್ಮ ಮಾತಲ್ಲಿ ಕಟ್ಟೆ ಎನ್ನೋಣ. ಈ ಕಟ್ಟೆಯಲ್ಲಿ ಪಕ್ಷವಿಲ್ಲ, ಜಾಹೀರಾತಿಲ್ಲ. ಸೇರಿದ ಪ್ರತಿಯೊಬ್ಬರೂ ಒಂದು ಕಲ್ಲು. ಒಂದು ಊರಿನಿಂದ ಹತ್ತು ಕಲ್ಲು ಕೂಡಿದರೆ ಆ ಊರ ಕಟ್ಟೆ ತೆರೆಯುತ್ತದೆ, ನವೆಂಬರಿನ ನಗರಸಭೆ ಚುನಾವಣೆಗೆ ತನ್ನ ಮಾತು ಮುಂದಿಡಬಹುದು.

ಫ್ಲೆಮ್ಮಿಂಗ್ ಇಪ್ಪತ್ನಾಲ್ಕು ವರ್ಷ ಊರ ಶಾಲೆಯ ಮೇಲ್ವಿಚಾರಕನಾಗಿದ್ದ. ಬಲ್ಬು ಬದಲಿಸುವುದು, ಹಿಮ ಗುಡಿಸುವುದು, ಅಳುವ ಮಕ್ಕಳ ಬೂಟಿನ ದಾರ ಕಟ್ಟುವುದು ಎಲ್ಲ ಅವನದೇ. ಹೋದ ಬೇಸಿಗೆಯಲ್ಲಿ ನಗರಸಭೆ ಶಾಲೆ ಮುಚ್ಚಿತು. ಅವನು ಪ್ರತಿ ಸಭೆಗೂ ಹೋಗಿದ್ದ. ಎಲ್ಲ ಪಕ್ಷದವರೂ ತಲೆ ಆಡಿಸಿದರು, ಕಾಫಿ ಕುಡಿದರು, ಮುಚ್ಚುವುದಕ್ಕೇ ಕೈ ಎತ್ತಿದರು. ಆಮೇಲೆ ಇಡೀ ಚಳಿಗಾಲ ಅವನು ಕಿಟಕಿಯ ಪಕ್ಕ ಕೂತೇ ಕಳೆದ. ಫೆಬ್ರವರಿಯಲ್ಲಿ ಕಟ್ಟೆ ಸಿಕ್ಕಿತು. ಅಂದಿನಿಂದ ಗಡ್ಡ ಬೋಳಿಸಿಕೊಳ್ಳುತ್ತಾನೆ.

ಡೋರ್ತೆ ಅಂದಿನ ಚರ್ಚೆಗೆ ಬಾಯಿ ಹಾಕಲಿಲ್ಲ. ಆಲೂಗಡ್ಡೆ ಬಡಿಸಿದಳು, ಉಪ್ಪಿನಲ್ಲಿ ಹಾಕಿದ ಬೀಟ್‌ರೂಟು ಮುಂದಕ್ಕೆ ಸರಿಸಿದಳು. ಒಂಬತ್ತರಲ್ಲಿ ಅವಳೂ ಒಬ್ಬಳು. "ನಿನ್ನ ಹೆಸರು ಹಾಕ್ಲಾ?" ಎಂದು ಗಂಡ ಮಾರ್ಚಿನಲ್ಲಿ ಕೇಳಿದಾಗ ಕ್ಯಾರೆಟ್ ಹೆರೆಯುತ್ತಿದ್ದವಳು "ಹಾಕು" ಎಂದಿದ್ದಳು. ಆಸ್ತಿ ಬರೆದುಕೊಡ್ಲಾ ಎಂದು ಕೇಳಿದ್ದರೂ ಹಾಗೇ ಅನ್ನುತ್ತಿದ್ದಳು. ನಾಲ್ಕು ವರ್ಷದಿಂದ ಅವಳ ಸ್ಥಿತಿ ಅದು. ವೃದ್ಧಾಶ್ರಮದ ಬಟ್ಟೆ ಒಗೆಯುವ ಕೋಣೆಯಲ್ಲಿ ಬೆಳಿಗ್ಗೆ ಏಳರಿಂದ ಮೂರರವರೆಗೆ ಹಾಸಿಗೆ ಬಟ್ಟೆ ಮಡಿಸುತ್ತಾಳೆ, ಮನೆಗೆ ಬಂದು ಮನೆಯ ಬಟ್ಟೆ ಮಡಿಸುತ್ತಾಳೆ. ಅಳು ಬರುವುದಿಲ್ಲ, ನಗುವೂ ಬರುವುದಿಲ್ಲ.

ನಾಲ್ಕು ವರ್ಷದ ಹಿಂದೆ ಸೆಪ್ಟೆಂಬರಿನಲ್ಲಿ ಅವಳ ಮಗ ಆಸ್ಗರ್ ಮೋಟರ್‌ಸೈಕಲ್ಲಿನಲ್ಲಿ ಕೆಲಸದಿಂದ ಬರುತ್ತ ತಿರುವಿನಲ್ಲಿ ಜಾರಿ ತೀರಿಕೊಂಡ. ಇಪ್ಪತ್ತೆರಡು ವರ್ಷ, ಬಡಗಿ ಕೆಲಸ ಕಲಿತು ಮುಗಿಸಿದ್ದ. ಚರ್ಚಿನ ಕಚೇರಿಯವರು ಕೇಳಿದರು: ಹೆಸರಿನ ಕಲ್ಲು ನಿಲ್ಲಿಸುತ್ತೀರಾ, ಇಲ್ಲ ಹೆಸರಿಲ್ಲದ ಹುಲ್ಲುಹಾಸಾ? ಫ್ಲೆಮ್ಮಿಂಗ್ ಹುಲ್ಲುಹಾಸು ಎಂದ. "ಕಲ್ಲು, ಹೆಸರು, ವಾರವಾರ ಹೋಗಿ ಕಳೆ ಕೀಳೋದು, ನನ್ನ ಕೈಲಾಗಲ್ಲ ಡೋರ್ತೆ." ಡೋರ್ತೆ ಆಗಲಿ ಎಂದಳು. ಆ ವಾರ ಅವಳು ಎಲ್ಲದಕ್ಕೂ ಆಗಲಿ ಎಂದಿದ್ದಳು. ಬೂದಿಯ ಕುಡಿಕೆಯನ್ನು ಹುಲ್ಲಿನ ಕೆಳಗೆ ಎಲ್ಲಿಟ್ಟರು ಎಂಬುದು ತೋಟದವನಿಗೆ ಮಾತ್ರ ಗೊತ್ತು, ಮನೆಯವರಿಗೂ ಹೇಳಬಾರದು ಎಂಬುದೇ ಅಲ್ಲಿನ ಕಟ್ಟಳೆ. ಬಹಳ ಮನೆಯವರು ಹಾಗೇ ಮಾಡುತ್ತಾರೆ, ಯಾರಿಗೂ ತೊಂದರೆ ಬೇಡ ಎಂದು.

ಹಾಗಾಗಿ ಆಸ್ಗರ್‌ನ ಹೆಸರು ಊರಿನ ಯಾವ ಕಲ್ಲಿನ ಮೇಲೂ ಇರಲಿಲ್ಲ. ಇದ್ದದ್ದು ಆ ದೊಡ್ಡ ಜಾಲತಾಣದ ಅವನ ಪುಟದಲ್ಲಿ. ಸಾವಿರದ ನೂರ ನಲವತ್ತಮೂರು ಗೆಳೆಯರು, ಹ್ಯಾಂಡ್‌ಬಾಲ್ ತಂಡದ ಫೋಟೋಗಳು, ಏಣಿಯಿಂದ ಬಣ್ಣದ ಡಬ್ಬಿಯ ಸಮೇತ ಜಾರಿ ಬಿದ್ದು ಅವನು ನಗುವ ಹತ್ತೊಂಬತ್ತು ಸೆಕೆಂಡಿನ ವಿಡಿಯೋ. ಪ್ರತಿ ಹುಟ್ಟುಹಬ್ಬಕ್ಕೆ ಗೆಳೆಯರು ಅಲ್ಲಿಗೆ ಬಂದು ಎರಡು ಸಾಲು ಬರೆದು, ಸಣ್ಣ ಬಾವುಟದ ಚಿತ್ರ ಇಟ್ಟು ಹೋಗುತ್ತಿದ್ದರು. ಡೋರ್ತೆ ಭಾನುವಾರ ಭಾನುವಾರ ಮಗನ ಹಳೇ ಫೋನಿಗೆ ಚಾರ್ಜು ಹಾಕಿ, ಅಡುಗೆಮನೆಯಲ್ಲಿ ಕೂತು ಅದನ್ನೆಲ್ಲ ಮೊದಲಿಂದ ಓದುತ್ತಿದ್ದಳು. ಅವಳ ವಾರ ನಿಂತದ್ದೇ ಆ ಒಂದು ಗಂಟೆಯ ಮೇಲೆ.

*

ಮೇ ಹದಿನಾಲ್ಕು ಆಸ್ಗರ್ ಹುಟ್ಟಿದ ದಿನ. ಹುಟ್ಟುಹಬ್ಬಕ್ಕೆ ಮನೆಯ ಮುಂದೆ ದೇಶದ ಬಾವುಟ ಏರಿಸುವುದು ಆ ಕಡೆಯ ರೂಢಿ. ಬೆಳಿಗ್ಗೆ ಅಂಗಳದ ಕಂಬಕ್ಕೆ ಬಾವುಟ ಏರಿಸುವಾಗ ಪ್ರತಿ ವರ್ಷದ ಜಗಳ ಶುರುವಾಯಿತು.

"ಅರ್ಧಕ್ಕೆ ನಿಲ್ಸೋಣ," ಎಂದ ಹಗ್ಗ ಹಿಡಿದಿದ್ದ ಫ್ಲೆಮ್ಮಿಂಗ್. "ಸತ್ತೋರಿಗೆ ಅರ್ಧ."

"ಇವತ್ತು ಅವನು ಸತ್ತ ದಿನ ಅಲ್ಲ ಕಣೋ, ಹುಟ್ಟಿದ ದಿನ," ಎಂದು ಗುಡ್ರುನ್ ಊರುಗೋಲು ನೆಲಕ್ಕೆ ಕುಟ್ಟಿದಳು. "ಪೂರ್ತಿ ಏರ್ಸು. ಜಿಪುಣ ಬುದ್ಧಿ ಬಾವುಟದ ಹತ್ರಾನೂ ತೋರಿಸ್ಬೇಡ."

ಟಿಲ್ಡೆ ಹಗ್ಗ ಕಿತ್ತುಕೊಂಡು ತುದಿಯವರೆಗೆ ಏರಿಸಿ ಗಂಟು ಹಾಕಿದಳು. ಡೋರ್ತೆ ಬನ್ನು ಸುಟ್ಟಿದ್ದಳು. ನಾಲ್ಕು ಜನ ಬೆಣ್ಣೆ ಹಚ್ಚಿಕೊಂಡು ತಿಂದರು. ಅಷ್ಟರಲ್ಲಾಗಲೇ ಪುಟದಲ್ಲಿ ಹನ್ನೆರಡು ಶುಭಾಶಯ ಬಂದಿದ್ದವು. ಡೋರ್ತೆ ಅವನ್ನು ಓದಿ, ಉಳಿದವು ಸಂಜೆಗಿರಲಿ ಎಂದು ಸೈಕಲ್ ಹತ್ತಿ ಕೆಲಸಕ್ಕೆ ಹೋದಳು.

ಹತ್ತೂಕಾಲಕ್ಕೆ, ಅವಳು ಒಗೆಯುವ ಯಂತ್ರಕ್ಕೆ ಮೇಜುಬಟ್ಟೆಗಳನ್ನು ತುಂಬುತ್ತಿದ್ದಾಗ, ಟಿಲ್ಡೆಯ ಫೋನು ಬಂತು.

"ಅಮ್ಮ, ಕೂತಿದೀಯಾ?"

"ನಿಂತಿದೀನಿ. ಏನು?"

"ಲೆರ್ಕೆ ಫೋನ್ ಮಾಡಿದ್ಲು." ಲೆರ್ಕೆ ಎಂದರೆ ಆಸ್ಗರ್ ಜೊತೆ ಎರಡು ವರ್ಷ ಓಡಾಡಿದ ಹುಡುಗಿ, ಈಗ ಮದುವೆಯಾಗಿದೆ, ಹೊಟ್ಟೆಯಲ್ಲಿ ಮಗು. "ಹೆದ್ದಾರೀಲಿ ಕಾರು ನಿಲ್ಸಿ ಅಳ್ತಾ ಇದಾಳೆ. ಅವಳಿಗೆ ಆಸ್ಗರ್ ಹೆಸರಲ್ಲಿ ಮೆಸೇಜ್ ಬಂದಿದೆ."

"ಏನಂತ?"

ಟಿಲ್ಡೆ ಓದಿದಳು. "'ನಾನು ಇಲ್ಲಿಗೆ ಬಂದು ಸೇರಿದೀನಿ. ನಿನಗೂ ಪಕ್ಕದಲ್ಲೇ ಒಂದು ಕಲ್ಲು ಹಿಡಿದಿಟ್ಟಿದೀನಿ. ಬೇಗ ಬಾ. ಇಂತಿ, ಆಸ್ಗರ್.' ಅಮ್ಮ, ಎಲ್ಲಾರಿಗೂ ಹೋಗಿದೆ. ಸಾವಿರದ ನೂರು ಜನಕ್ಕೂ. ನಂಗೂ ಬಂದಿದೆ."

ಡೋರ್ತೆ ಯಂತ್ರದ ಬಾಗಿಲು ಮುಚ್ಚಿ ಗುಂಡಿ ಒತ್ತಿದಳು. ತನ್ನ ಫೋನು ತೆಗೆದು ನೋಡಿದಳು. ಅವಳಿಗೂ ಬಂದಿತ್ತು. ಮಗನ ಮುಖ, ಮಗನ ಹೆಸರು, ಬೇಗ ಬಾ. ಮೂರು ಗಂಟೆಯವರೆಗೆ ಅವಳು ಬಟ್ಟೆ ಮಡಿಸಿದಳು. ಒಂದನ್ನೂ ತಪ್ಪಾಗಿ ಮಡಿಸಲಿಲ್ಲ.

ಮನೆಗೆ ಬಂದಾಗ ಫ್ಲೆಮ್ಮಿಂಗ್ ಅಡುಗೆಮನೆಯಲ್ಲಿ ಮಗನ ಫೋನು ಮುಂದಿಟ್ಟುಕೊಂಡು ಕೂತಿದ್ದ.

"ನಾನು ಹಾಗೆ ಬರೀಲಿಲ್ಲ ಡೋರ್ತೆ. ದೇವರಾಣೆ. ನಾನು ಅವನ ಅಪ್ಪ ಅಂತ ಹೇಳಿ, ಶಾಲೆ ವಿಷ್ಯ ಹೇಳಿ, ನೆಟ್ಟಗೆ ಒಂದು ಪತ್ರ ಬರ್ದಿಟ್ಕೊಂಡಿದ್ದೆ. ಇವತ್ತು ಎಲ್ಲಾರೂ ಪುಟಕ್ಕೆ ಬರ್ತಾರಲ್ಲ, ಓದ್ತಾರೆ ಅಂತ. ಆಮೇಲೆ ಕಟ್ಟೆಯವರು 'ಗೆಳೆಯರನ್ನ ಕರೀರಿ' ಅಂತ ಒಂದು ಗುಂಡಿ ತೋರಿಸಿದ್ರು. ಒತ್ತಿದೆ. ನನ್ನ ಪತ್ರ ಹೋಗತ್ತೆ ಅಂದ್ಕೊಂಡೆ. ಅವರದ್ದೇ ತಯಾರು ಮಾತು ಹೋಗಿಬಿಡ್ತು."

"ಪುಟ ಎಲ್ಲಿ?" ಎಂದಳು ಡೋರ್ತೆ.

"ಜನ ದೂರು ಕೊಟ್ಟಿದಾರೆ. ಯಾರೋ ಕಳ್ಳರು ಸತ್ತವನ ಖಾತೆಗೆ ನುಗ್ಗಿದಾರೆ ಅಂತ. ನೂರಾರು ಜನ ಒಟ್ಟಿಗೆ."

"ಪುಟ ಎಲ್ಲಿ ಅಂದೆ."

ಅವನು ಫೋನನ್ನು ತಿರುಗಿಸಿ ತೋರಿಸಿದ. ಬಿಳಿ ಪರದೆ. ಈ ಪುಟ ಲಭ್ಯವಿಲ್ಲ ಎಂದಷ್ಟೇ ಇತ್ತು.

ಆ ಸಂಜೆ ಊಟಕ್ಕೆ ರೈ ಬ್ರೆಡ್ಡು, ಹೊಗೆಯಾಡಿಸಿದ ಮೀನು. ಯಾರೂ ಒಲೆ ಹಚ್ಚಲಿಲ್ಲ. ಟಿಲ್ಡೆ ತಟ್ಟೆ ಮುಟ್ಟದೆ ನಿಂತೇ ಇದ್ದಳು.

"ನಿಂಗೆ ನಾಚಿಕೆ ಅನ್ನೋದು ಇದೆಯಾ ಅಪ್ಪ? ಆಸ್ಗರ್ ಹೆಸರಲ್ಲಿ ಓಟಿನ ವ್ಯಾಪಾರ!"

"ವ್ಯಾಪಾರ ಅಲ್ಲ! ಈ ಊರಿಗೋಸ್ಕರ..."

"ಊರು, ಊರು! ಊರಿನ ಅರ್ಧ ಜನ ಇವತ್ತು ಎದೆ ಹಿಡ್ಕೊಂಡು ಕೂತಿದಾರೆ. ಹ್ಯಾಂಡ್‌ಬಾಲ್ ಮೇಷ್ಟ್ರು ಫೋನು ನೋಡಿ ಅಂಗಡೀಲೇ ಕುಸಿದ್ರಂತೆ."

"ಅವನು ಬದುಕಿದ್ರೆ ನನ್ನ ಜೊತೆ ನಿಲ್ತಿದ್ದ."

"ಬದುಕಿದ್ರೆ ನಿನ್ನ ಕೈಯಿಂದ ಫೋನ್ ಕಿತ್ಕೋತಿದ್ದ."

"ಸಾಕು," ಎಂದಳು ಗುಡ್ರುನ್. ಮಗನ ಕಡೆ ತಿರುಗಿದಳು. "ಫ್ಲೆಮ್ಮಿಂಗ್, ನೀನು ನನ್ನ ಹೊಟ್ಟೇಲಿ ಹುಟ್ಟಿದೋನು, ಅದಕ್ಕೇ ಹೇಳ್ತೀನಿ. ನೀನು ಕತ್ತೆ. ಇವತ್ತಿಗೆ ಇನ್ನೇನೂ ಮಾತಾಡ್ಬೇಡ. ಬ್ರೆಡ್ಡು ತಿನ್ನು."

ಅವನು ತಿಂದ. ಡೋರ್ತೆ ತನ್ನ ತಟ್ಟೆ ತೊಳೆದಿಟ್ಟು, ಹೊರಗೆ ಹೋಗಿ ಬಿಸಿಲು ಇಳಿಯುವ ಮುಂಚೆ ಬಾವುಟ ಇಳಿಸಿದಳು. ಅದನ್ನು ಮಾತ್ರ ಅವಳಿಗೆ ಎಷ್ಟು ಮಡಿಸಿದರೂ ಮಡಿಸಲಾಗಲಿಲ್ಲ. ಹಾಗೇ ಉಂಡೆ ಕಟ್ಟಿ ಕಪಾಟಿಗೆ ತುರುಕಿದಳು.

*

ಪುಟ ಶಾಶ್ವತವಾಗಿ ಅಳಿಸಿಹೋಗಲು ಮೂವತ್ತು ದಿನ ಗಡುವಿತ್ತು. ಅಷ್ಟರೊಳಗೆ ಮನವಿ ಮಾಡಿಕೊಂಡರೆ ನೋಡುತ್ತಾರಂತೆ. ಟಿಲ್ಡೆ ಬೇಕರಿಯ ಕೆಲಸ ಮುಗಿಸಿ ಬಂದು ದಿನವೂ ಅದರ ಹಿಂದೆ ಬಿದ್ದಳು. ಆ ಕಡೆ ಮನುಷ್ಯರೇ ಇರಲಿಲ್ಲ. ಏನು ಬರೆದರೂ ಯಂತ್ರವೇ ಉತ್ತರಿಸುತ್ತಿತ್ತು, ಅದೂ ಬಹಳ ವಿನಯದಿಂದ. ಎಂಟನೇ ದಿನ ಅದು ಹೊಸದೊಂದು ಕೇಳಿತು.

"ಖಾತೆಯ ಯಜಮಾನರು ಕ್ಯಾಮೆರಾ ಮುಂದೆ ಕೂತು ಮುಖ ತೋರಿಸ್ಬೇಕಂತೆ," ಎಂದಳು ಟಿಲ್ಡೆ. "ನೇರಕ್ಕೆ, ಎಡಕ್ಕೆ, ಬಲಕ್ಕೆ. ಹಳೇ ಫೋಟೋ ಜೊತೆ ಹೋಲಿಸಿ ನೋಡತ್ತಂತೆ."

ಅಡುಗೆಮನೆಯಲ್ಲಿ ಸಾರು ಕುದಿಯುತ್ತಿತ್ತು.

"ನಾನು ಕೂತ್ಕೋತೀನಿ," ಎಂದ ಫ್ಲೆಮ್ಮಿಂಗ್.

"ನಿಂಗೆ ಐವತ್ತೆಂಟು ವರ್ಷ ಅಪ್ಪ."

"ಎಲ್ಲಾರೂ ಅವನು ನನ್ನ ಹಾಗೇ ಇದಾನೆ ಅಂತಿದ್ರಲ್ಲ. ಮೂಗು, ಕಣ್ಣು. ಅಮ್ಮ, ನೀನೂ ಅಂತಿದ್ದೆ."

"ಅಂತಿದ್ದೆ," ಎಂದಳು ಗುಡ್ರುನ್, ಬೇರೆ ಕಡೆ ನೋಡುತ್ತ.

ಅವನು ಬಚ್ಚಲಿಗೆ ಹೋಗಿ ಗಡ್ಡ ನುಣ್ಣಗೆ ಬೋಳಿಸಿಕೊಂಡು, ಕೂದಲು ಒದ್ದೆ ಮಾಡಿ ಹಿಂದಕ್ಕೆ ಬಾಚಿಕೊಂಡು ಬಂದ. ಕಿಟಕಿಯ ಬೆಳಕಿಗೆ ಕುರ್ಚಿ ಹಾಕಿ ಕೂತ. ಟಿಲ್ಡೆ ಫೋನು ಹಿಡಿಯಲು ಒಪ್ಪಲಿಲ್ಲ. ಡೋರ್ತೆ ಹಿಡಿದಳು. ಎಂಟು ದಿನದಲ್ಲಿ ಅವಳು ಗಂಡನ ಮುಖ ನೇರವಾಗಿ ನೋಡಿದ್ದು ಅದೇ ಮೊದಲು, ಅದೂ ಪರದೆಯಲ್ಲಿ.

ನೇರ. ಎಡ. ಬಲ. ಹೇಳಿದಂತೆ ಅವನು ಮಕ್ಕಳ ಹಾಗೆ ಮುಖ ತಿರುಗಿಸಿದ. ಹೊಂದುತ್ತಿಲ್ಲ, ಮತ್ತೆ ಪ್ರಯತ್ನಿಸಿ ಎಂದಿತು ಯಂತ್ರ. ಅವನು ಹೊಟ್ಟೆ ಒಳಗೆಳೆದುಕೊಂಡು, ಸ್ವಲ್ಪ ನಕ್ಕು, ಮತ್ತೆ ತಿರುಗಿಸಿದ. ಫೋಟೋದಲ್ಲಿ ಆಸ್ಗರ್ ನಗುತ್ತಿದ್ದನಲ್ಲ, ಅದಕ್ಕೆ. ಹೊಂದುತ್ತಿಲ್ಲ. ಮೂರನೇ ಸಲಕ್ಕೆ ಅವನು ಕೂದಲನ್ನು ಇನ್ನೊಮ್ಮೆ ತಿದ್ದಿಕೊಂಡು, ಮೊದಲಿಗಿಂತ ಅಗಲವಾಗಿ ನಕ್ಕ.

"ಬಿಡು," ಎಂದಳು ಡೋರ್ತೆ. "ಸಾರು ತಳ ಹಿಡೀತಿದೆ."

ಕೊನೆಗೆ ಚರ್ಚಿನ ಕಚೇರಿಯಿಂದ ಮರಣಪತ್ರ ತಂದು ಕಳಿಸಿದರು. ಜೂನ್ ಹತ್ತಕ್ಕೆ ಉತ್ತರ ಬಂತು. ನಿಮ್ಮ ನಷ್ಟಕ್ಕೆ ನಮ್ಮ ಸಂತಾಪ. ನಿಯಮ ಮುರಿದ ಖಾತೆಯನ್ನು ಸ್ಮಾರಕವಾಗಿ ಉಳಿಸಲು ಅವಕಾಶವಿಲ್ಲ. ಮೂರು ದಿನ ಬಿಟ್ಟು ಗಡುವು ಮುಗಿಯಿತು. ಅಂದು ಶುಕ್ರವಾರ. ಡೋರ್ತೆ ಕೆಲಸದಿಂದ ಬರುತ್ತ ಚರ್ಚಿನ ಅಂಗಳಕ್ಕೆ ಸೈಕಲ್ ತಿರುಗಿಸಿದಳು. ತೋಟದವನು ಹುಲ್ಲುಹಾಸಿನ ಅಂಚು ಕತ್ತರಿಸುತ್ತಿದ್ದ.

"ಎಲ್ಲಿ ಅಂತ ಹೇಳ್ತೀಯಾ?" ಎಂದು ಅವಳು ಕೇಳಿದಳು.

"ಹೇಳೋ ಹಾಗಿಲ್ಲ ಡೋರ್ತೆ. ನಿಂಗೇ ಗೊತ್ತಲ್ಲ."

"ಯಾವ ಕಡೆ ಅಂತಾದ್ರೂ?"

ಅವನು ಕತ್ತರಿ ಕೆಳಗಿಟ್ಟು ಟೋಪಿ ತೆಗೆದ. ಅವಳು ಹುಲ್ಲಿನ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತಳು. ಎಲ್ಲಿ ಕಾಲಿಟ್ಟರೂ ಮಗನ ಮೇಲೆ ಇಟ್ಟಂತೆ ಆದೀತು ಎಂದು ಒಳಗೆ ಹೋಗಲಿಲ್ಲ. ಎದೆಯೊಳಗೆ ಏನೂ ಇರಲಿಲ್ಲ. ಅದರಿಂದ ಅವಳಿಗೆ ಹೆದರಿಕೆಯಾಯಿತು. ಇನ್ನು ಈ ಲೋಕದಲ್ಲಿ ಮಗನ ಹೆಸರು ಬರೆದಿರುವ ಜಾಗ ಒಂದೂ ಇಲ್ಲ ಎಂದು ಲೆಕ್ಕ ಹಾಕಿದಳು. ಮನೆಗೆ ಹೋಗಿ ರಾತ್ರಿಗೆ ಮೀನು ಹುರಿದಳು.

*

ಜೂನ್ ಮೂರನೇ ಭಾನುವಾರ ಮಧ್ಯಾಹ್ನ ಎರಡಕ್ಕೆ ಕಟ್ಟೆಯ ಸಂಚಾಲಕಿ ಆರ್‌ಹೂಸ್ ನಗರದಿಂದ ಬರುವುದಿತ್ತು. ಈ ವಿಷಯ ಮನೆಗೆ ತಿಳಿದದ್ದು ಹಿಂದಿನ ಗುರುವಾರ.

"ಬರ್ಬೇಡಿ ಅಂತ ಹೇಳ್ಬಿಡ್ತೀನಿ," ಎಂದ ಫ್ಲೆಮ್ಮಿಂಗ್.

"ಯಾಕೆ ಬರ್ತಿದಾರೆ? ಹತ್ತು ಆಗ್ದೆ ಬರಲ್ಲ ಅಂತಿದ್ದೆಯಲ್ಲ," ಎಂದಳು ಟಿಲ್ಡೆ.

ಅವನು ಕಸದ ಚೀಲ ಎತ್ತಿಕೊಂಡು ಹೊರಗೆ ಹೋದ.

"ಬರ್ಲಿ ಬಿಡು," ಎಂದಳು ಡೋರ್ತೆ. "ಫ್ರೀಜರಿನಲ್ಲಿ ಬನ್ನಿದೆ." ಬಂದವರಿಗೆ ಕಾಫಿ ಕೊಡುವುದು ಕೆಲಸ, ಕೆಲಸವೆಂದರೆ ಅವಳ ಕೈ ತಾನಾಗಿ ಆಡುತ್ತಿತ್ತು.

ಬಂದವರು ಆರು ಜನ. ಹಂದಿ ಸಾಕುವ ಪಕ್ಕದ ಮನೆಯ ಎಗೊನ್, ಅವನ ಹೆಂಡತಿ, ಶಾಲೆ ಮುಚ್ಚಿದ ಮೇಲೆ ಮನೆಯಲ್ಲಿರುವ ಟೀಚರ್ ಒಬ್ಬರು, ಇನ್ನು ಮೂವರು. ಟಿಲ್ಡೆ ಬಿಟ್ಟು ಮನೆಯ ಮೂವರು ಸೇರಿ ಒಂಬತ್ತು. ಹುಟ್ಟುಹಬ್ಬದ ಆ ದಿನದ ನಂತರ ಯಾರೂ ಈ ಮನೆಗೆ ಬಂದಿರಲಿಲ್ಲ, ಹಾಗಾಗಿ ಎಲ್ಲರೂ ಬನ್ನನ್ನು ಅಗತ್ಯಕ್ಕಿಂತ ಹೆಚ್ಚು ಹೊಗಳಿದರು. ಟಿಲ್ಡೆ ಬಾಗಿಲಿಗೊರಗಿ ಕೈಕಟ್ಟಿ ನಿಂತಿದ್ದಳು. ಸಂಚಾಲಕಿ ವಿಬೆಕೆ ನಗುಮುಖದ ಹೆಂಗಸು, ಕೈಯಲ್ಲೊಂದು ಟ್ಯಾಬ್ಲೆಟ್.

"ನಮ್ಮದೊಂದು ಪದ್ಧತಿ ಇದೆ," ಎಂದಳು ಅವಳು. "ಹಿಂದಿನೋರು ಕಲ್ಲಿನ ಮೇಲೆ ಕೂತು ಮಾಡ್ತಿದ್ದ ಹಾಗೆ. ನಾನು ಹೆಸರು ಕರೀತೀನಿ, ನೀವು ಬಾಯಿಬಿಟ್ಟು 'ಹೌದು' ಅನ್ಬೇಕು. ಹತ್ತು ಹೌದು ಆದ್ರೆ ವೆಸ್ಟರ್‌ಬೋ ಕಟ್ಟೆ ತೆರೆದ ಹಾಗೆ."

ಹೆಸರುಗಳು ಬಂದವು. ಗುಡ್ರುನ್ "ಹೌದಮ್ಮ, ಇನ್ನೂ ಇದೀನಿ" ಎಂದಾಗ ಎರಡು ಮೂರು ಜನ ನಕ್ಕರು. ಡೋರ್ತೆ ಕಾಫಿ ಬಗ್ಗಿಸುತ್ತಲೇ ಹೌದು ಎಂದಳು. ಫ್ಲೆಮ್ಮಿಂಗ್ ಹೌದು ಎಂದದ್ದು ಯಾರಿಗೂ ಸರಿಯಾಗಿ ಕೇಳಿಸಲಿಲ್ಲ.

"ಹತ್ತನೆಯವರು," ಎಂದಳು ವಿಬೆಕೆ. "ಆಸ್ಗರ್ ನೋರ್ಬೂ?"

ಟೀಚರು ಕಪ್ಪಿನೊಳಗೆ ನೋಡಿದರು.

"ಆಸ್ಗರ್? ಕೆಲಸಕ್ಕೆ ಹೋಗಿದಾರಾ?"

"ತೀರ್ಕೊಂಡು ನಾಲ್ಕು ವರ್ಷ ಆಯ್ತು," ಎಂದ ಎಗೊನ್.

ವಿಬೆಕೆಯ ಮುಖದ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಫ್ಲೆಮ್ಮಿಂಗ್ ಎದ್ದು ನಿಂತ.

"ನನ್ನ ತಪ್ಪು. ಅವತ್ತು ಗೆಳೆಯರನ್ನ ಕರೆಯೋ ಗುಂಡಿ ಒತ್ಬೇಕಾದ್ರೆ, ಮೊದಲು ನೀವೇ ಸೇರಿ ಅಂತು. ಹಳೇ ಖಾತೆಯಿಂದಾನೇ ಸೇರ್ಬಹುದು ಅಂತು. ಒತ್ತಿದೆ, ಅವನು ಸೇರಿಬಿಟ್ಟ. ಹತ್ತಾಯ್ತು, ಅಭಿನಂದನೆ ಅಂತ ಬಂತು. ನೋಡ್ದೆ. ನೋಡಿ ಸುಮ್ಮನಾದೆ." ಅವನು ಹೆಂಡತಿಯ ಕಡೆ ನೋಡಲಿಲ್ಲ. "ಇನ್ನೊಬ್ಬರು ಸಿಕ್ಕ ಕೂಡ್ಲೇ ತೆಗೆಯೋಣ ಅಂತಿದ್ದೆ. ಯಾರೂ ಸಿಗ್ಲಿಲ್ಲ."

"ಅಪ್ಪಾ," ಎಂದಳು ಟಿಲ್ಡೆ ಬಾಗಿಲಿಂದ.

"ಛೆ ಛೆ, ನನಗೆ ಗೊತ್ತಿರ್ಲಿಲ್ಲ, ಕ್ಷಮಿಸಿ," ಎಂದಳು ವಿಬೆಕೆ. "ಅದೇನು ದೊಡ್ಡದಲ್ಲ. ಒಂದು ಗುಂಡಿ ಒತ್ತಿದ್ರೆ ಹೆಸರು ಹೋಗತ್ತೆ. ತಿಂಗಳೊಳಗೆ ಇನ್ನೊಬ್ಬರನ್ನ ಸೇರ್ಸಿದ್ರೆ ಆಯ್ತು, ಚುನಾವಣೆಗೆ ಸಮಯ ಇದೆ." ಅವಳ ಬೆರಳು ಆಗಲೇ ಪರದೆಯ ಮೇಲೆ ಬಾಗಿತ್ತು.

"ತೋರ್ಸಿ," ಎಂದಳು ಡೋರ್ತೆ.

ಕೈಯಲ್ಲಿದ್ದ ಕಾಫಿಯ ಫ್ಲಾಸ್ಕನ್ನು ಯಾರದೋ ತಟ್ಟೆಯ ಮೇಲೇ ಇಟ್ಟು ಅವಳು ಟ್ಯಾಬ್ಲೆಟ್ ಕಿತ್ತುಕೊಂಡಂತೆ ತೆಗೆದುಕೊಂಡಳು. ಆಸ್ಗರ್ ನೋರ್ಬೂ, ವೆಸ್ಟರ್‌ಬೋ. ಹುಟ್ಟಿದ ತಾರೀಕು. ಹಳೇ ಪುಟದಿಂದ ಅವನ ಜೊತೆ ಬಂದಿದ್ದ ಒಂದೇ ಒಂದು ಫೋಟೋ, ನಗುತ್ತಿದ್ದದ್ದು.

"ಅಳಿಸ್ಬೇಡಿ," ಎಂದಳು.

"ಅಲ್ಲ, ನೋಡಿ, ತೀರಿಕೊಂಡೋರು ಸದಸ್ಯರಾಗಿರೋ ಹಾಗಿಲ್ಲ..."

"ನನ್ನ ಹೆಸರು ತೆಗೀರಿ. ಅವನದು ಇರ್ಲಿ."

"ಹಾಗೆ ಮಾಡಕ್ಕಾಗಲ್ಲ. ಸುಳ್ಳು ಹೆಸರಿರೋ ಕಟ್ಟೇನ ನಾವು ತೆರೆಯೋ ಹಾಗಿಲ್ಲ."

"ಸುಳ್ಳು ಹೆಸರಲ್ಲ ಅದು!" ಡೋರ್ತೆಯ ದನಿ ಕಿಟಕಿಯ ಗಾಜಿಗೆ ತಾಗುವಷ್ಟು ಏರಿತು. ನಾಲ್ಕು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. "ನಾನಿಟ್ಟ ಹೆಸರು. ಇನ್ನೆಲ್ಲೂ ಇಲ್ಲ. ಹುಲ್ಲಿನ ಮೇಲಿಲ್ಲ, ಪುಟದ ಮೇಲಿಲ್ಲ. ಇಲ್ಲೊಂದು ಕಡೆ ಉಳಿದಿದೆ, ಇದನ್ನೂ ಅಳಿಸ್ತೀರಾ?"

ವಿಬೆಕೆ ಫ್ಲೆಮ್ಮಿಂಗ್ ಕಡೆ ನೋಡಿದಳು. "ಇಲ್ಲಿನ ಕಟ್ಟೆ ಶುರು ಮಾಡಿದೋರು ನೀವು. ತೀರ್ಮಾನ ನಿಮ್ಮದು. ತೆಗೆದ್ರೆ ಮುಂದುವರೀಬಹುದು. ಇಟ್ಕೊಂಡ್ರೆ ವೆಸ್ಟರ್‌ಬೋ ತೆರೆಯಲ್ಲ. ಹೀಗೇ ಅರ್ಧಕ್ಕೆ ನಿಂತಿರತ್ತೆ. ಅದನ್ನ ಯಾರೂ ಬಂದು ಅಳಿಸಲ್ಲ, ಆದ್ರೆ ಉಪಯೋಗಾನೂ ಇಲ್ಲ."

ಫ್ಲೆಮ್ಮಿಂಗ್ ನೆರೆಹೊರೆಯವರನ್ನು ನೋಡಿದ. ಶಾಲೆಗೋಸ್ಕರ ಅವನನ್ನು ನಂಬಿ ಬಂದವರು ಅವರು. ಅವನಿಗಿದ್ದದ್ದೂ ಇದೊಂದೇ, ಇದು ಹೋದರೆ ಮತ್ತೆ ಕಿಟಕಿ. ಡೋರ್ತೆ ಟ್ಯಾಬ್ಲೆಟನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

"ಇರ್ಲಿ," ಎಂದ ಅವನು. "ಅವನ ಹೆಸರು ಇರ್ಲಿ. ಕಟ್ಟೆ ಬೇಡ."

ಟೀಚರು ಬೇಸರದಿಂದ ಕೋಟು ಹಾಕಿಕೊಂಡರು. ಉಳಿದವರು ಇನ್ನೊಂದರ್ಧ ಕಪ್ಪು ಕಾಫಿ ಕುಡಿದು, ಹವೆಯ ಮಾತಾಡಿ, ಕುರ್ಚಿಗಳನ್ನು ಮೊದಲಿದ್ದಲ್ಲಿ ಇಟ್ಟು ಹೋದರು. ಗುಡ್ರುನ್ ಮಗನ ತಲೆಯ ಮೇಲೊಮ್ಮೆ ಕೈಯಿಟ್ಟು ಹಿತ್ತಲಿಗೆ ನಡೆದಳು. ಟಿಲ್ಡೆ ಮನೆಯ ಟ್ಯಾಬ್ಲೆಟ್ಟಿನಲ್ಲಿ ಅಣ್ಣನ ಹೆಸರು ಹುಡುಕಿ ತೆಗೆದು ಮೇಜಿನ ಮೇಲಿಟ್ಟು ಮೇಲಕ್ಕೆ ಹೋದಳು.

ಫೋಟೋದ ಕೆಳಗೆ ಎರಡು ಸಾಲಿತ್ತು. 'ಆಸ್ಗರ್ ಇನ್ನೂ ಏನೂ ಬರೆದಿಲ್ಲ. ನೀವೇ ಮೊದಲು ಮಾತಾಡಿಸಿ.'

ಡೋರ್ತೆ ಅದನ್ನು ಗಂಡನ ಮುಂದಕ್ಕೆ ತಳ್ಳಿದಳು.

"ನೀನು ಬರಿ."

"ನಾನಾ? ಏನು ಬರೀಲಿ?"

"ನಂಗೇನು ಗೊತ್ತು? ಅವನು ಹೋದಾಗಿಂದ ನೀನು ಅವನ ಹತ್ರ ಒಂದ್ಮಾತೂ ಆಡಿಲ್ಲ. ಹೆಸರು ಮಾತ್ರ ಉಪಯೋಗಿಸ್ಕೊಂಡೆ."

ಅವನು ಬೆರಳು ಎತ್ತಿದ, ಇಳಿಸಿದ. ಡೋರ್ತೆ ಕಪ್ಪುಗಳನ್ನು ತೊಳೆದಳು, ಒರೆಸಿದಳು, ಕಪಾಟಿನಲ್ಲಿ ಜೋಡಿಸಿದಳು. ಉಳಿದ ಬನ್ನುಗಳನ್ನು ಚೀಲಕ್ಕೆ ಹಾಕಿ ಕಟ್ಟಿದಳು. ತಿರುಗಿ ಬಂದು ನೋಡಿದಾಗ ಅವನು ಮುಖ ಒರೆಸಿಕೊಳ್ಳದೆ ಅಳುತ್ತಿದ್ದ. ಪರದೆಯ ಮೇಲೆ ಎರಡೇ ಪದ ಮೂಡಿದ್ದವು.

'ಅಪ್ಪ ಕಣೋ.'

ಡೋರ್ತೆ ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತಳು.

"ಹೂಂ," ಎಂದಳು. "ಕಳಿಸು."